ಮುಂಭಾರ, ಹಿಂಭಾರ: ಬೈಕು ಹೊರುವ ಮನೆಗಾಡಿಯ ಕಥೆ

ಕಬ್ಬಿನ ಗಾಡಿಗೆ ಹೇರು ಹೇರುವಾಗ ನಮ್ಮ ಹಿರಿಯರು ಎರಡು ಮಾತುಗಳನ್ನು ತಪ್ಪದೆ ಆಡುತ್ತಿದ್ದರು: ಒಂದು ಮುಂಭಾರ, ಇನ್ನೊಂದು ಹಿಂಭಾರ. ಹೇರು ಅಚ್ಚಿನಿಂದ ಮುಂದಕ್ಕೆ ಸರಿದರೆ ಎತ್ತುಗಳ ಹೆಗಲು ಕುಸಿಯುತ್ತಿತ್ತು. ಹಿಂದಕ್ಕೆ ಸರಿದರೆ ನೊಗವೇ ಮೇಲೆದ್ದು ಅವುಗಳ ಕೊರಳು ಬಿಗಿಯುತ್ತಿತ್ತು. ನಮ್ಮ ತಂದೆಯವರು ಗಾಡಿ ಹೂಡುವ ಮೊದಲು ಮೂಕಿಯನ್ನು ಕೈಯಲ್ಲಿ ಎತ್ತಿ ನೋಡಿ, "ಇನ್ನೆರಡು ಕಂತೆ ಮುಂದಕ್ಕೆ ಹಾಕಿ" ಎನ್ನುತ್ತಿದ್ದರು. ಆ ಎರಡು ಕಂತೆಯ ಲೆಕ್ಕವನ್ನು ಅವರಿಗೆ ಯಾರು ಹೇಳಿಕೊಟ್ಟರೋ ನಾನರಿಯೆ. ನಾನು ಮಾತ್ರ ಮೂವತ್ತಮೂರು ವರ್ಷ ಪ್ರೌಢಶಾಲೆಯಲ್ಲಿ ಸನ್ನೆಯ ತತ್ತ್ವವನ್ನು ಕಪ್ಪುಹಲಗೆಯ ಮೇಲೆ ಬರೆದು, ಅಳಿಸಿ, ನಿವೃತ್ತನಾದೆ. ಅದು ಮೈಗೆ ತಾಗಿದ್ದು 2018ರ ನವೆಂಬರಿನಲ್ಲಿ, ಕ್ಯಾಲಿಫೋರ್ನಿಯಾದ ಕಹೋನ್ ಕಣಿವೆಯ ಇಳಿಜಾರಿನಲ್ಲಿ.

ಮಗಳ ಸಂಸಾರ ಲಾಸ್ ಏಂಜಲೀಸ್ ನಗರದ ಹೊರವಲಯದಲ್ಲಿದೆ. ಅಳಿಯನಿಗೆ ಮಣ್ಣುದಾರಿಯ ಮೋಟಾರ್ ಸೈಕಲ್ ಎಂದರೆ ಪ್ರಾಣ. ಅವನಲ್ಲಿ ಅಂತಹವು ಎರಡಿವೆ. ಮೊಮ್ಮಗನಿಗೆಂದು ನಾಲ್ಕು ಚಕ್ರದ ಪುಟ್ಟ ಬಂಡಿಯೊಂದಿದೆ. ಇವನ್ನೆಲ್ಲ ಹೊತ್ತುಕೊಂಡು, ಅದರಲ್ಲಿಯೇ ಮಲಗಲೂ ಬರುವಂತಹ ಒಂದು ಸಣ್ಣ ಎಳೆಗಾಡಿಯನ್ನು ಕೊಳ್ಳಬೇಕೆಂಬುದು ಅವನ ಬಯಕೆ. ಕೊಳ್ಳುವ ಮುನ್ನ ಒಮ್ಮೆ ಬಾಡಿಗೆಗೆ ತಂದು ನೋಡೋಣವೆಂದು, ಮೂರು ದಿನಗಳ ಮಟ್ಟಿಗೆ ಮೊಹಾವಿ ಮರುಭೂಮಿಯ ಡ್ಯೂಮಾಂಟ್ ಮರಳುದಿಬ್ಬಗಳಿಗೆ ಹೊರಟೆವು. ಹೋಗುವಾಗ ಗಾಡಿ ಸಾಧು ಹಸುವಿನಂತೆ ಹಿಂಬಾಲಿಸಿತು. ಹಿಂದಿರುಗುವಾಗ ಕಹೋನ್ ಇಳಿಜಾರಿನಲ್ಲಿ ಅದು ಇದ್ದಕ್ಕಿದ್ದಂತೆ ಎಡಕ್ಕೂ ಬಲಕ್ಕೂ ತೊನೆಯತೊಡಗಿತು. ಒಂದೊಂದು ತೊನೆತಕ್ಕೂ ನಮ್ಮ ಪಿಕಪ್ಪಿನ ಹಿಂಭಾಗ ಪಕ್ಕಕ್ಕೆ ಎಳೆಯುತ್ತಿತ್ತು. ಅಳಿಯ ಸ್ಟೀರಿಂಗನ್ನು ನೇರವಾಗಿ ಹಿಡಿದು, ವೇಗದ ಪೆಡಲಿನಿಂದ ಕಾಲು ತೆಗೆದು, ಕಾರಿನ ಬ್ರೇಕು ತುಳಿಯದೆ, ಎಳೆಗಾಡಿಗೆಂದೇ ಇರುವ ಬ್ರೇಕನ್ನು ಕೈಯಿಂದ ಒತ್ತಿದ. ಗಾಡಿ ಸುಮ್ಮನಾಯಿತು. ಎಲ್ಲ ಸೇರಿ ಹತ್ತು ಸೆಕೆಂಡು ಇರಬಹುದು. ಮಗಳು ಮನೆ ತಲುಪುವವರೆಗೆ ಮಾತನಾಡಲಿಲ್ಲ.

ಅದೇ ಗಾಡಿ, ಅದೇ ಬೈಕುಗಳು, ಅದೇ ಚಾಲಕ. ಹೋಗುವಾಗ ಇಲ್ಲದ್ದು ಬರುವಾಗ ಏಕೆ ಬಂತು? ಈ ಪ್ರಶ್ನೆ ನನ್ನನ್ನು ಆ ಗಾಡಿಗಳ ಚರಿತ್ರೆಯತ್ತ ಕೊಂಡೊಯ್ದಿತು. ಮೇಷ್ಟರ ಜಾತಿ, ಒಂದು ಹತ್ತು ಸೆಕೆಂಡಿನ ಭಯಕ್ಕೆ ನೂರು ವರ್ಷ ಹಿಂದಿನಿಂದ ಆರಂಭಿಸಿದರೇ ಸಮಾಧಾನ.

ಅಮೆರಿಕದವರು ಈ ಗಾಡಿಯನ್ನು 'ಟಾಯ್ ಹಾಲರ್' ಎನ್ನುತ್ತಾರೆ, ಎಂದರೆ ಆಟಿಕೆ ಹೊರುವ ಗಾಡಿ. ಲಕ್ಷಾಂತರ ರೂಪಾಯಿ ಬೆಲೆಯ ಮೋಟಾರ್ ಸೈಕಲ್ಲುಗಳನ್ನು ಆಟಿಕೆ ಎನ್ನುವ ಧಾರಾಳ ನಮಗೆ ಇನ್ನೂ ಬಂದಿಲ್ಲ. ಗಾಡಿಯ ಹಿಂಗೋಡೆಯೇ ಕೆಳಕ್ಕೆ ಬಾಗಿ ಇಳಿಜಾರು ಹಲಗೆಯಾಗುತ್ತದೆ. ಅದರ ಮೇಲಿಂದ ಬೈಕುಗಳನ್ನು ಒಳಕ್ಕೆ ತಳ್ಳಿ, ನೆಲಕ್ಕೆ ಹೂತ ಕಬ್ಬಿಣದ ಬಳೆಗಳಿಗೆ ಪಟ್ಟಿಯಿಂದ ಬಿಗಿಯುತ್ತಾರೆ. ಬಿಡಾರ ತಲುಪಿ ಬೈಕುಗಳನ್ನು ಇಳಿಸಿದ ಮೇಲೆ ಗೋಡೆಗೆ ಮಡಚಿದ ಅಥವಾ ಚಾವಣಿಗೆ ಏರಿಸಿದ ಮಂಚಗಳು ಕೆಳಗಿಳಿಯುತ್ತವೆ. ಕೊಟ್ಟಿಗೆ ಮಲಗುವ ಕೋಣೆಯಾಗುತ್ತದೆ. ಮುಂಭಾಗದಲ್ಲಿ ಅಡುಗೆ ಕಟ್ಟೆ, ಪುಟ್ಟ ಬಚ್ಚಲು, ನೀರಿನ ತೊಟ್ಟಿ.

ಕಾರಿನ ಹಿಂದೆ ಮನೆ ಕಟ್ಟಿಕೊಂಡು ಹೋಗುವ ಹುಚ್ಚು ಅಲ್ಲಿ ಹಳೆಯದು. ಫೋರ್ಡ್ ಕಂಪನಿಯ ಟಿ ಮಾದರಿಯ ಕಾರು ಸಾಮಾನ್ಯರ ಕೈಗೆ ಬಂದ ಮೇಲೆ ಚಳಿಗಾಲದಲ್ಲಿ ಫ್ಲಾರಿಡಾಕ್ಕೆ ಇಳಿಯುವ ಗುಂಪುಗಳು ಹೆಚ್ಚಿದವು. 1919ರಲ್ಲಿ ಟ್ಯಾಂಪಾ ನಗರದಲ್ಲಿ ಅಂಥವರು ಕೂಡಿ 'ಟಿನ್ ಕ್ಯಾನ್ ಟೂರಿಸ್ಟ್ಸ್' ಎಂಬ ಸಂಘ ಕಟ್ಟಿದರು. ಕಾರಿನ ರೇಡಿಯೇಟರ್ ಮುಚ್ಚಳಕ್ಕೆ ಬೆಸೆದ ತಗಡಿನ ಡಬ್ಬಿಯೇ ಅವರ ಲಾಂಛನ. 1929ರಲ್ಲಿ ಡೆಟ್ರಾಯಿಟ್ ಕಡೆಯ ಆರ್ಥರ್ ಶರ್ಮನ್ ಎಂಬಾತ, ನಿಮಿಷಗಳಲ್ಲಿ ಬಿಚ್ಚಬಹುದೆಂದು ಹೇಳಿ ಮಾರಿದ ಮಡಚುಗುಡಾರದ ಗಾಡಿಯನ್ನು ಕೊಂಡು ಪ್ರವಾಸ ಹೋದ. ಮಳೆ ಬಂತು, ಗುಡಾರ ಬಿಚ್ಚಿಕೊಳ್ಳಲಿಲ್ಲ, ಸಂಸಾರ ನೆನೆಯಿತು. ಸಿಟ್ಟಿನಿಂದ ಆತ ಆರು ಅಡಿ ಅಗಲ, ಒಂಬತ್ತು ಅಡಿ ಉದ್ದದ ಗಟ್ಟಿ ಪೆಟ್ಟಿಗೆಯೊಂದನ್ನು ಚಕ್ರದ ಮೇಲೆ ಮಾಡಿಸಿಕೊಂಡ. ಮಕ್ಕಳು ಅದಕ್ಕೆ 'ಕವರ್ಡ್ ವ್ಯಾಗನ್' ಎಂದು ಹೆಸರಿಟ್ಟರು. ಕೆಲವೇ ವರ್ಷಗಳಲ್ಲಿ ಅದೇ ಹೆಸರಿನ ಕಂಪನಿ ಆ ದೇಶದ ಅತಿ ದೊಡ್ಡ ಎಳೆಗಾಡಿ ತಯಾರಕ ಸಂಸ್ಥೆಯಾಯಿತು. ನೆನೆದ ಹೆಂಡತಿ ಮಕ್ಕಳ ಮುಂದೆ ಗಂಡಸಿಗೆ ಬುದ್ಧಿ ಚುರುಕಾಗುವುದು ಎಲ್ಲ ದೇಶಗಳಲ್ಲೂ ಒಂದೇ.

ಆದರೆ ನನ್ನ ಮನಸ್ಸನ್ನು ಹಿಡಿದು ನಿಲ್ಲಿಸಿದವನು ಬೇರೊಬ್ಬ. ಅವನು ಗ್ಲೆನ್ ಕರ್ಟಿಸ್. ವಿಮಾನದ ಚರಿತ್ರೆ ಓದಿದವರಿಗೆ ಹೆಸರು ಪರಿಚಿತ. 1878ರಲ್ಲಿ ನ್ಯೂಯಾರ್ಕ್ ರಾಜ್ಯದ ಹ್ಯಾಮಂಡ್ಸ್‌ಪೋರ್ಟ್ ಎಂಬ ಸಣ್ಣ ಊರಿನಲ್ಲಿ ಹುಟ್ಟಿದ ಈತ ಸೈಕಲ್ ಅಂಗಡಿಯಿಂದ ಮೋಟಾರ್ ಸೈಕಲ್ಲಿಗೆ ಬಂದವನು. 1907ರ ಜನವರಿಯಲ್ಲಿ, ಆಕಾಶನೌಕೆಗೆಂದು ರೂಪಿಸಿದ ಎಂಟು ಸಿಲಿಂಡರಿನ ಎಂಜಿನ್ನನ್ನು ಎರಡು ಚಕ್ರದ ಗಾಡಿಗೆ ಕೂರಿಸಿ, ಫ್ಲಾರಿಡಾದ ಆರ್ಮಂಡ್ ಕಡಲತೀರದ ಮರಳಿನ ಮೇಲೆ ಗಂಟೆಗೆ 136 ಮೈಲಿಗೂ ಮಿಗಿಲಾದ ವೇಗದಲ್ಲಿ, ಎಂದರೆ ಸುಮಾರು 219 ಕಿಲೋಮೀಟರ್ ವೇಗದಲ್ಲಿ, ಓಡಿಸಿದ. ಯಂತ್ರದ ಒಂದು ಭಾಗ ಮುರಿದದ್ದರಿಂದ ಎರಡನೆಯ ಓಟ ಸಾಧ್ಯವಾಗದೆ ಅದು ಅಧಿಕೃತ ದಾಖಲೆಯಾಗಲಿಲ್ಲ. ಆದರೂ ಜಗತ್ತಿನ ಅತಿ ವೇಗದ ಮನುಷ್ಯನೆಂಬ ಖ್ಯಾತಿ ಅವನಿಗೆ ಬಂತು. ಮರುವರ್ಷ 1908ರ ಜುಲೈ 4ರಂದು 'ಜೂನ್ ಬಗ್' ವಿಮಾನ ಹಾರಿಸಿ ಸೈಂಟಿಫಿಕ್ ಅಮೆರಿಕನ್ ಪತ್ರಿಕೆಯ ಪಾರಿತೋಷಕವನ್ನು ಗೆದ್ದ.

ಈ ಮೋಟಾರ್ ಸೈಕಲ್ ವೀರ ಬದುಕಿನ ಕೊನೆಯ ಅಧ್ಯಾಯದಲ್ಲಿ ಫ್ಲಾರಿಡಾದಲ್ಲಿ ನೆಲೆಸಿ ಮನಸ್ಸು ಕೊಟ್ಟದ್ದು ಎಳೆಗಾಡಿಗೆ. 1928ರ ಸುಮಾರಿಗೆ ಬಂದ ಅವನ 'ಏರೋಕಾರ್' ಗಾಡಿಯ ಮೈ ಹಳೆಯ ವಿಮಾನಗಳಂತೆ ಮರದ ಚೌಕಟ್ಟು ಮತ್ತು ಬಿಗಿತಂತಿಗಳಿಂದ ಕಟ್ಟಿದ್ದು. ಅದಕ್ಕಿಂತ ಮುಖ್ಯವಾದದ್ದು ಅದರ ಕೊಂಡಿ. ಮಿಕ್ಕವರು ಗಾಡಿಯನ್ನು ಕಾರಿನ ಹಿಂದಿನ ಬಂಪರಿನ ಬಳಿ ಸಿಕ್ಕಿಸುತ್ತಿದ್ದರೆ, ಕರ್ಟಿಸ್ ಗಾಡಿಯ ಮೂತಿಯನ್ನು ಕಾರಿನ ಬೆನ್ನಿನ ಮೇಲಕ್ಕೇ ತಂದು, ಅಲ್ಲಿ ಅಡ್ಡಲಾಗಿ ಮಲಗಿಸಿದ ವಿಮಾನದ ಗಾಳಿಚಕ್ರವೊಂದರ ನಡುವೆ ಕೂರಿಸಿದ. ಅದರಿಂದ ಹೊಡೆತ ಕುಗ್ಗಿತು. ಭಾರ ಕಾರಿನ ಹಿಂಚಕ್ರಗಳ ಮೇಲೆ ಬಿದ್ದು, ಹಿಂದಿನ ಗಾಡಿ ತೊನೆಯುವುದು ಕಡಿಮೆಯಾಯಿತು. ಇಂದು 'ಐದನೆಯ ಚಕ್ರ' ಎಂದು ಕರೆಯುವ ದೊಡ್ಡ ಮನೆಗಾಡಿಗಳು ಈ ವಂಶದವು. ಒಂದೇ ಮಾತಿನಲ್ಲಿ ಹೇಳುವುದಾದರೆ, ಕರ್ಟಿಸ್ ಮುಂಭಾರವನ್ನು ಅರಿತವನು. 1930ರಲ್ಲಿ, ಐವತ್ತೆರಡರ ಪ್ರಾಯದಲ್ಲಿ, ತೀರಿಕೊಂಡ. (ಲಿಂಡ್‌ಬರ್ಗ್‌ನ ಪ್ರಸಿದ್ಧ ವಿಮಾನದ ನಿರ್ಮಾಣದಲ್ಲಿ ಮೇಲ್ವಿಚಾರಕನಾಗಿದ್ದ ಹಾಲಿ ಬೌಲಸ್ ಕೂಡ 1934ರಲ್ಲಿ ಅಲ್ಯುಮಿನಿಯಮ್ಮಿನ ಎಳೆಗಾಡಿ ಮಾಡಿದ. ವಿಮಾನದವರಿಗೆ ಈ ಕಸುಬು ಒಲಿದದ್ದು ಆಶ್ಚರ್ಯವಲ್ಲ. ತೂಕ ಎಲ್ಲಿ ಕೂರುತ್ತದೆಂದು ನೋಡದವನು ಹಾರಲಾರ.)

ಇಲ್ಲಿಯವರೆಗೆ ಗಾಡಿಯಲ್ಲಿ ಜನ ಮಾತ್ರ, ಬೈಕಿಲ್ಲ. ಬೈಕು ಒಳಗೆ ಬಂದದ್ದಕ್ಕೆ ಮರುಭೂಮಿ ಕಾರಣ. 1959ರಲ್ಲಿ ಹೋಂಡಾ ಲಾಸ್ ಏಂಜಲೀಸ್‌ನಲ್ಲಿ ಅಂಗಡಿ ತೆರೆಯಿತು. 1968ರಲ್ಲಿ ಯಮಾಹಾದ ಡಿಟಿ-1 ಬಂದು, ಮಣ್ಣುದಾರಿಯ ಹಗುರ ಬೈಕು ಸಾಮಾನ್ಯರಿಗೂ ಎಟುಕಿತು. 1971ರ 'ಆನ್ ಎನಿ ಸಂಡೇ' ಎಂಬ ಸಾಕ್ಷ್ಯಚಿತ್ರ ಊರೂರಿಗೂ ಆ ಹುಚ್ಚು ಹಚ್ಚಿತು. 1967ರಲ್ಲಿ ಆರಂಭವಾದ ಬಾರ್‌ಸ್ಟೋ–ಲಾಸ್ ವೇಗಸ್ ಮರುಭೂಮಿ ಓಟಕ್ಕೆ ಸಾವಿರಾರು ಸವಾರರು ಸೇರತೊಡಗಿದರು. ನೆಲ ಗಾಯಗೊಂಡಿತು. 1972ರಲ್ಲಿ ಅಧ್ಯಕ್ಷ ನಿಕ್ಸನ್ ಸಾರ್ವಜನಿಕ ಭೂಮಿಯಲ್ಲಿ ಇಂಥ ವಾಹನಗಳಿಗೆ ಎಲ್ಲಿ ಅನುಮತಿ, ಎಲ್ಲಿ ನಿಷೇಧ ಎಂದು ಗುರುತಿಸುವಂತೆ ಆದೇಶ ಹೊರಡಿಸಿದರು. ಓಟ ಕೆಲವು ವರ್ಷ ನಿಂತು, ಮತ್ತೆ ಹುಟ್ಟಿ, 1989ರಲ್ಲಿ ಕೊನೆಯಾಯಿತು. ಮರುಭೂಮಿಯ ಆಮೆಗೆ ಸಂರಕ್ಷಿತ ಪ್ರಾಣಿಯ ಪಟ್ಟ ಸಿಕ್ಕಿದ್ದೂ ಆ ಕಾಲದಲ್ಲಿಯೇ. ಸವಾರರಿಗಿಂತ ಆಮೆಯ ಪಕ್ಷ ನನ್ನದು ಎಂದರೆ ಅಳಿಯ ನಗುತ್ತಾನೆ.

ಪರಿಣಾಮವಾಗಿ ಸವಾರಿಯೆಲ್ಲ ಕೆಲವು ಗೊತ್ತುಪಡಿಸಿದ ಬಯಲುಗಳಿಗೆ ಸೇರಿತು. ಅಲ್ಲಿ ನೀರಿಲ್ಲ, ವಿದ್ಯುತ್ತಿಲ್ಲ, ಮರದ ನೆರಳಂತೂ ಇಲ್ಲ. ನಗರದಿಂದ ನೂರಾರು ಮೈಲಿ. ಪಿಕಪ್ಪಿನಲ್ಲಿ ಬೈಕು ಹಾಕಿಕೊಂಡು ಹೋಗಿ ಗುಡಾರದಲ್ಲಿ ಮರಳು ತಿನ್ನುತ್ತಿದ್ದವರಿಗೆ ಹೆಂಡತಿ ಮಕ್ಕಳೂ ಬರಬೇಕೆನಿಸಿದಾಗ, ಕೊಟ್ಟಿಗೆಯನ್ನೂ ಮನೆಯನ್ನೂ ಒಂದೇ ಸೂರಿನಡಿ ತರುವ ಆಲೋಚನೆ ಸಹಜವಾಗಿ ಹುಟ್ಟಿತು. 1990ರ ದಶಕದಲ್ಲಿ ದಕ್ಷಿಣ ಕ್ಯಾಲಿಫೋರ್ನಿಯಾದಲ್ಲಿ ಈ ಬಗೆಯ ಗಾಡಿ ಬೆಳೆದು ದೇಶಕ್ಕೆ ಹಬ್ಬಿತು. 2008ರಲ್ಲಿ ಇಂಧನದ ಬೆಲೆ ಏರಿ, ಸಾಲ ಸಿಗದಾಗಿ, ಅಲ್ಲಿನ ಹಲವು ತಯಾರಕರು ಬಾಗಿಲು ಮುಚ್ಚಿದರು; ರಿವರ್‌ಸೈಡ್ ನಗರದ ಫ್ಲೀಟ್‌ವುಡ್ ಸಂಸ್ಥೆ 2009ರ ಮಾರ್ಚಿನಲ್ಲಿ ದಿವಾಳಿ ಅರ್ಜಿ ಸಲ್ಲಿಸಿತು. ಅದಾದ ಮೇಲೆ ಸಣ್ಣ, ಹಗುರ ಗಾಡಿಗಳಿಗೆ ಬೆಲೆ ಬಂತು.

ಈಗ ನನ್ನ ಪ್ರಶ್ನೆಗೆ ಬರುತ್ತೇನೆ. ಕರ್ಟಿಸ್ ಮುಂದಕ್ಕೆ ತಂದ ಭಾರವನ್ನು ಈ ಆಟಿಕೆ ಗಾಡಿ ಮತ್ತೆ ಹಿಂದಕ್ಕೆ ಒಯ್ದಿದೆ, ಬೈಕು ಏರುವ ಬಾಗಿಲು ಹಿಂದಿರುವುದರಿಂದ. ಸಾಮಾನ್ಯವಾಗಿ ಗಾಡಿಯ ಒಟ್ಟು ತೂಕದಲ್ಲಿ ಶೇಕಡ 10ರಿಂದ 15ರಷ್ಟು ಕೊಂಡಿಯ ಮೇಲೆ ಕೂರಬೇಕು. ಕಡಿಮೆಯಾದರೆ ಗಾಡಿ ತೊನೆಯುತ್ತದೆ. ಬಾಡಿಗೆ ಗಾಡಿಯ ಅಳತೆಗಳನ್ನು ಅಳಿಯ ಟೇಪು ಹಿಡಿದು ತೆಗೆದಿದ್ದ. ದುಂಡಗೆ ಮಾಡಿ, ಬಟ್ಟೆ ದಿನಸಿಗಳನ್ನು ಬಿಟ್ಟು ಹೇಳುತ್ತೇನೆ. ಅವರ ಪೌಂಡು, ಗ್ಯಾಲನ್ನುಗಳ ಗೊಂದಲ ನಮಗೆ ಬೇಡ. ಒಂದು ಲೀಟರ್ ನೀರು ಒಂದು ಕಿಲೋ ಎನ್ನುವ ಸುಖ ಅವರಿಗಿಲ್ಲ.

ಖಾಲಿ ಗಾಡಿ 2200 ಕಿಲೋ. ಕೊಂಡಿಯ ಮೇಲೆ 330, ಅಂದರೆ ಶೇಕಡ 15. ಮಾರಾಟದ ಪತ್ರದಲ್ಲಿ ಇರುವುದು ಇದೇ, ನೋಡಲು ಸೊಗಸು. ಅಚ್ಚಿನಿಂದ ಕೊಂಡಿಗೆ ನಾಲ್ಕೂವರೆ ಮೀಟರ್. ಮೂರು ಬಂಡಿಗಳು ಸೇರಿ 360 ಕಿಲೋ, ಅಚ್ಚಿನಿಂದ ಎರಡು ಮೀಟರ್ ಹಿಂದೆ. ಸನ್ನೆಯ ಲೆಕ್ಕದಂತೆ ಅವು ಕೊಂಡಿಯಿಂದ 160 ಕಿಲೋವನ್ನು ಎತ್ತಿಬಿಡುತ್ತವೆ, ಉಳಿಯುವುದು 170. ಹೊರಡುವಾಗ ಅಚ್ಚಿಗಿಂತ ಒಂದೂವರೆ ಮೀಟರ್ ಮುಂದಿದ್ದ ತೊಟ್ಟಿಯಲ್ಲಿ 225 ಲೀಟರ್ ನೀರಿತ್ತು. ಅದು 75 ಕಿಲೋ ಮರಳಿಸಿತು. ಒಟ್ಟು 2785ರಲ್ಲಿ 245, ಸುಮಾರು ಶೇಕಡ 9. ಕೊರತೆಯೇ, ಆದರೆ ಹೇಗೋ ನಡೆಯಿತು.

ಮೂರು ದಿನ ನಾವು ಆ ನೀರಿನಲ್ಲಿ ಮಿಂದೆವು, ಪಾತ್ರೆ ತೊಳೆದೆವು. ಮರುಭೂಮಿಯಲ್ಲಿ ಕೊಳೆನೀರನ್ನು ಚೆಲ್ಲುವಂತಿಲ್ಲ. ಅದು ಇನ್ನೊಂದು ತೊಟ್ಟಿಗೆ ಇಳಿಯುತ್ತದೆ. ಆ ತೊಟ್ಟಿ ಇದ್ದದ್ದು ಅಚ್ಚಿನಿಂದ ಒಂದು ಮೀಟರ್ ಹಿಂದೆ! ಅದರಲ್ಲಿ 150 ಲೀಟರ್ ತುಂಬಿತ್ತು. ಅಂದರೆ ನೀರು ಮುಂಭಾರವಾಗಿ ಹೋಗಿ ಹಿಂಭಾರವಾಗಿ ಬಂದಿತ್ತು. ಕೊಂಡಿಯ ಮೇಲೆ ಉಳಿದದ್ದು 137 ಕಿಲೋ. 2710ರಲ್ಲಿ ಶೇಕಡ 5. ಹಾಳೆಯ ಮೇಲೆ ಈ ಅಂಕಿ ಮೂಡಿದಾಗ ಅಳಿಯ ಸುಮ್ಮನೆ ಕುಳಿತ. ಬೈಕಿನ ತೂಕವನ್ನು ಎಲ್ಲರೂ ಲೆಕ್ಕ ಹಾಕುತ್ತಾರೆ. ಸ್ನಾನದ ನೀರನ್ನು ಯಾರು ಲೆಕ್ಕ ಹಾಕುತ್ತಾರೆ?

ಬಳಿಕ ಗಾಡಿ ನೋಡುವ ನಮ್ಮ ಬಗೆಯೇ ಬದಲಾಯಿತು. ಅಂಗಡಿಯವರು ಸೋಫಾ, ಟೀವಿ, ಬಣ್ಣದ ದೀಪ ತೋರಿಸುತ್ತಿದ್ದರೆ ನಾವಿಬ್ಬರೂ ಮಂಡಿಯೂರಿ ಅಡಿಯಲ್ಲಿ ತೊಟ್ಟಿ ಹುಡುಕುತ್ತಿದ್ದೆವು. ಒಬ್ಬ ಮಾರಾಟಗಾರ, "ನಿಮ್ಮ ಪಿಕಪ್ ಇದನ್ನು ಸುಲಭವಾಗಿ ಎಳೆಯುತ್ತದೆ" ಎಂದ. ಎಳೆಯುವುದು ಬೇರೆ, ಹೊರುವುದು ಬೇರೆ. ಕೊಂಡಿಯ ಭಾರ, ನಾಲ್ಕು ಜನ, ಸಾಮಾನು ಎಲ್ಲ ಸೇರಿ ಪಿಕಪ್ಪಿನ ಬೆನ್ನಿನ ಮೇಲೆಯೇ ಬೀಳುತ್ತವೆ. ಅದು ಎಷ್ಟು ಹೊರಬಲ್ಲದೆಂಬುದು ಚಾಲಕನ ಬಾಗಿಲಿನ ಅಂಚಿನ ಚೀಟಿಯಲ್ಲಿದೆ. ಗಾಡಿಗೂ ಅಂಥದೇ ಚೀಟಿಯುಂಟು: 2008ರ ಜೂನ್ ನಂತರ ತಯಾರಾದವುಗಳಲ್ಲಿ ಎಷ್ಟು ಸರಕು ಹೇರಬಹುದೆಂದು ನಮೂದಿಸುವುದು ಕಡ್ಡಾಯ. ಹೊಳೆಯುವ ಒಂದು ಗಾಡಿಯ ಚೀಟಿ ಓದಿದಾಗ, ಬೈಕುಗಳನ್ನೂ ತುಂಬಿದ ತೊಟ್ಟಿಯನ್ನೂ ಕಳೆದರೆ ಊಟದ ಬುಟ್ಟಿಗೆ ಜಾಗವಿದ್ದರೂ ತೂಕವಿರಲಿಲ್ಲ. ಇನ್ನೊಂದರಲ್ಲಿ ಮಂಚವೂ ಬೈಕೂ ಒಂದೇ ಕೋಣೆ. ಸಣ್ಣ ಗಾಡಿಗಳೆಲ್ಲ ಬಹುಪಾಲು ಹಾಗೆಯೇ. ಪೆಟ್ರೋಲಿನ ಆವಿಯ ನಡುವೆ ಮೊಮ್ಮಗ ಮಲಗುವುದು ಮಗಳಿಗೆ ಒಪ್ಪಿಗೆಯಾಗಲಿಲ್ಲ. ರಾತ್ರಿ ಬಂಡಿಗಳು ಹೊರಗೇ ಇರಬೇಕು, ಇಂಗಾಲದ ಮಾನಾಕ್ಸೈಡ್ ಎಚ್ಚರಿಕೆ ಗಂಟೆಯನ್ನು ಪ್ರತಿ ಸಲ ಒತ್ತಿ ನೋಡಬೇಕು ಎಂಬ ಕರಾರಿನ ಮೇಲೆ ಒಪ್ಪಿದಳು.

ಕೊನೆಗೆ ಕೊಂಡದ್ದು ಅಳಿಯ ಮೊದಲು ಮೆಚ್ಚಿದ್ದಕ್ಕಿಂತ ಚಿಕ್ಕದು, ಅಂದವೂ ಕಡಿಮೆ. ಆದರೆ ಅದರ ಜೋಡಿ ಅಚ್ಚು ಸಾಕಷ್ಟು ಹಿಂದಿದೆ. ಬೈಕುಗಳು ಹೆಚ್ಚುಕಡಿಮೆ ಅಚ್ಚಿನ ಮೇಲೆಯೇ ನಿಲ್ಲುತ್ತವೆ, ಕೊಳೆತೊಟ್ಟಿ ಮುಂದಿದೆ. ಮೊಮ್ಮಗನ ಬಂಡಿ ಪಿಕಪ್ಪಿನ ಬೆನ್ನೇರಿತು.

2019ರ ಮಾರ್ಚಿನಲ್ಲಿ, ನಾನು ಊರಿಗೆ ಮರಳುವ ಮುನ್ನ, ಮತ್ತೊಮ್ಮೆ ಡ್ಯೂಮಾಂಟ್‌ಗೆ ಹೋದೆವು. ಬರುವಾಗ ಇಳಿಜಾರಿಗೆ ಮೊದಲೇ ಲಾರಿಗಳು ನಿಲ್ಲುವ ತಾಣದ ತೂಕಸೇತುವೆಗೆ ಅಳಿಯ ಗಾಡಿಯನ್ನು ಏರಿಸಿದ. ಒಮ್ಮೆ ಪಿಕಪ್ಪಿಗೆ ಕೂಡಿಸಿ, ಒಮ್ಮೆ ಬಿಡಿಸಿ, ಎರಡು ಸಲ ತೂಗಿಸಿದ. ಮೊಮ್ಮಗ ಪೆನ್ಸಿಲು ಹಿಡಿದು ಚೀಟಿಯ ಹಿಂಬದಿಯಲ್ಲಿ ಭಾಗಾಕಾರ ಮಾಡಿ, "ಹನ್ನೆರಡು ಪರ್ಸೆಂಟ್, ತಾತ. ಕಂತೆ ಮುಂದಕ್ಕೆ ಹಾಕಬೇಕಾ?" ಎಂದು ಕೇಳಿದ. ಬೇಡವೆಂದೆ. ಮಗಳು ಮುಂದಿನ ಸೀಟಿನಲ್ಲಿ ಕುಳಿತು ಪಟ್ಟಿ ಬಿಗಿದುಕೊಂಡಳು. ಕಹೋನ್ ಇಳಿಯುವವರೆಗೆ ಅವಳ ಕಣ್ಣು ಪಕ್ಕದ ಕನ್ನಡಿಯ ಮೇಲೆಯೇ ಇತ್ತು.