ಹಳೇ ಕತ್ತಿಯನ್ನು ಉಜ್ಜುವ ಮುನ್ನ

ಆಯುಧ ಪೂಜೆ ಬಂತೆಂದರೆ ಕೆಲವು ಹಳೇ ಮನೆಗಳಲ್ಲಿ ಅಜ್ಜನ ಕಾಲದ ಕತ್ತಿ ಅಟ್ಟದಿಂದ ಕೆಳಗಿಳಿಯುತ್ತದೆ. ಸ್ಯಾಂಡ್‌ಪೇಪರ್ ಹಿಡಿದು ಫಳಫಳ ಹೊಳೆಸುವವರೂ ಇದ್ದಾರೆ. ಉಜ್ಜುವ ಮೊದಲು ಈ ಕಥೆ ಓದಿ.

1796ರಲ್ಲಿ ಬ್ರಿಟಿಷ್ ಸೇನೆ ತನ್ನ ಹಗುರ ಕುದುರೆ ಪಡೆಗೆ ಹೊಸ ಕತ್ತಿ ಕೊಟ್ಟಿತು. ಬಾಗಿದ ಅಲಗು, ತುದಿಯ ಕಡೆ ಅಗಲ, ಕಬ್ಬಿಣದ ಒರೆ. 1821ರಲ್ಲಿ ಬೇರೆ ಮಾದರಿ ಬಂತು, ಇದು ಹಳತಾಯಿತು.

ಬ್ರಿಟಿಷ್ ಸವಾರರು ಬಿಟ್ಟ ಹಳೇ ಅಲಗುಗಳು ಹೈದರಾಬಾದ್ ನಿಜಾಮರ ಸವಾರರ ಕೈಗೂ ಬಂದವು. ನಮ್ಮ ಬೀದರ್, ಕಲಬುರಗಿ ಆಗ ನಿಜಾಮರ ಸೀಮೆ. ಈ ಸವಾರರ ಹೊಡೆತದ ವಿಷಯ ತಿಳಿದು ಬೆರಗಾದ ಕ್ಯಾಪ್ಟನ್ ನೋಲನ್, ಅದರ ಗುಟ್ಟನ್ನು 1853ರ ತನ್ನ ಪುಸ್ತಕದಲ್ಲಿ ಬರೆದ. ಅಲಗು ಇಂಗ್ಲಿಷರದ್ದೇ. ಆದರೆ ಇವರು ಕ್ಷೌರದ ಕತ್ತಿಯಂತೆ ಸಾಣೆ ಹಿಡಿದು ಮರದ ಒರೆಯಲ್ಲಿಟ್ಟು, ಕಾಳಗದಲ್ಲಿ ಮಾತ್ರ ಹಿರಿಯುತ್ತಿದ್ದರು. ಕಬ್ಬಿಣದ ಒರೆಯಲ್ಲಿ ಉಜ್ಜಿ ಉಜ್ಜಿ ಇಂಗ್ಲಿಷರ ಕತ್ತಿ ಮೊಂಡಾಗುತ್ತಿತ್ತು.

ಹಾಗಾಗಿ ಹಳೇ ಕತ್ತಿಯ ಸ್ಥಿತಿಯನ್ನು ಹೊಳಪಿನಿಂದ ಅಳೆಯಬಾರದು. ಸಾಣೆಗೆ ಸವೆದ ಅಂಚು, ಬದಲಿಸಿದ ಹಿಡಿ, ಮರದ ಒರೆ ಇವು ದೋಷಗಳಲ್ಲ, ಬಳಕೆಯ ಸಾಕ್ಷಿ. ಬಿರುಕು, ಅಲುಗಾಡುವ ಹಿಡಿ, ಪುಡಿಯಾಗಿ ಉದುರುವ ಕೆಂಪು ತುಕ್ಕು ಇದ್ದರೆ ಚಿಂತಿಸಬೇಕು. ಕಪ್ಪು ಛಾಯೆ ಇರಲಿ ಬಿಡಿ. ಹಿಡಿಯ ಹತ್ತಿರ, ಅಲಗಿನ ಬೆನ್ನಿನ ಮೇಲೆ ತಯಾರಕರ ಹೆಸರಿದೆಯೇ, ಮಗ್ಗುಲಲ್ಲಿ ಕಿರೀಟದ ಸಣ್ಣ ಮುದ್ರೆ ಇದೆಯೇ ನೋಡಿ.

ಆ ಅಕ್ಷರಗಳೂ ಕೂದಲೆಳೆಯಷ್ಟೇ ಆಳ. ಒಮ್ಮೆ ಉಜ್ಜಿದರೆ ಕತ್ತಿ ಹೊಳೆಯುತ್ತದೆ, ಆದರೆ ಅದು ಯಾವ ಊರಿಂದ ಬಂತೆಂದು ಹೇಳುವವರು ಇರುವುದಿಲ್ಲ. ಹತ್ತಿಬಟ್ಟೆಗೆ ಎರಡು ಹನಿ ಮಷಿನ್ ಎಣ್ಣೆ ಹಾಕಿ ಒರೆಸಿ, ಕುಂಕುಮವನ್ನು ಹಿಡಿಗೆ ಮಾತ್ರ ಹಚ್ಚಿ. ಪೂಜೆಗೆ ಅಷ್ಟು ಸಾಕು.