ಸನದಿನ ಸಾಲು, ಒಂದು 'ಗೊತ್ತಿಲ್ಲ'

ಹದೀಸ್ ಗ್ರಂಥವನ್ನು ತೆರೆದರೆ ಮಾತಿಗಿಂತ ಮೊದಲು ಹೆಸರುಗಳ ಸಾಲು ಎದುರಾಗುತ್ತದೆ. ಇವರು ಅವರಿಂದ ಕೇಳಿದರು, ಅವರು ಇನ್ನೊಬ್ಬರಿಂದ ಕೇಳಿದರು ಎಂದು ಸಾಗುವ ಈ ಸಾಲಿಗೆ ಸನದ್ ಎನ್ನುತ್ತಾರೆ. ಉರ್ದು ಶಾಲೆಯಲ್ಲಿ ಕಲಿಯುವಾಗ ನಾವು ಈ ಹೆಸರುಗಳನ್ನು ದಾಟಿಕೊಂಡೇ ಓದುತ್ತಿದ್ದೆವು. ಇಪ್ಪತ್ತನೆಯ ಶತಮಾನದ ವಿದ್ವಾಂಸರು ಜಗಳವಾಡಿದ್ದು ಇದೇ ಹೆಸರುಗಳ ಮೇಲೆ.

ಬಹಳಷ್ಟು ಹದೀಸ್‌ಗಳು ಪ್ರವಾದಿ ಮುಹಮ್ಮದ್(ಸ)ರ ಕಾಲದವಲ್ಲ, ನಂತರದ ಪೀಳಿಗೆಗಳ ಧಾರ್ಮಿಕ, ರಾಜಕೀಯ ಕಲಹಗಳಿಂದ ಹುಟ್ಟಿದವು ಎಂದು ಹಂಗೇರಿಯ ಇಗ್ನಾಜ್ ಗೋಲ್ಡ್‌ಜಿಹರ್ 1890ರಲ್ಲಿ ವಾದಿಸಿದರು. 1950ರಲ್ಲಿ ಜೋಸೆಫ್ ಶಾಖ್ತ್ ಇನ್ನೂ ಮುಂದೆ ಹೋದರು. ಮೊದಲು ಯಾರೋ ಗುರುವಿನ ಅಭಿಪ್ರಾಯವಾಗಿದ್ದುದು ಸಹಾಬಿಯ ಮಾತಾಗಿ, ಕೊನೆಗೆ ಪ್ರವಾದಿಯ ಮಾತಾಯಿತು. ಸನದ್ ಹಿಂದಕ್ಕೆ ಬೆಳೆಯಿತು ಎಂಬುದು ಅವರ ವಾದ. ಇದನ್ನು ಕೇಳಿದೊಡನೆ ನಮ್ಮಲ್ಲಿ ಹಲವರು ಸಿಡಿಮಿಡಿಗೊಳ್ಳುತ್ತಾರೆ. ಆದರೆ ಸುಳ್ಳು ಹದೀಸ್‌ಗಳಿವೆ ಎಂದು ನಮ್ಮ ಮುಹದ್ದಿಸರೇ ಸಾವಿರ ವರ್ಷಗಳ ಹಿಂದೆ ಹೇಳಿದ್ದರಲ್ಲ! ಅವನ್ನು ಸೋಸಲೆಂದೇ ಅವರು ವರದಿ ಮಾಡಿದವರ ಬದುಕನ್ನೆಲ್ಲ ಜಾಲಾಡಿದರು.

ಹೈದರಾಬಾದಿನಲ್ಲಿ ಹುಟ್ಟಿದ ಮುಹಮ್ಮದ್ ಹಮೀದುಲ್ಲಾ 1953ರಲ್ಲಿ ಒಂದು ಪುಟ್ಟ ಸಂಗ್ರಹವನ್ನು ಪ್ರಕಟಿಸಿದರು. ಅದು ಸಹಾಬಿ ಅಬೂ ಹುರೈರಾ(ರ)ರ ಶಿಷ್ಯ ಹಮ್ಮಾಮ್ ಇಬ್ನ್ ಮುನಬ್ಬಿಹ್‌ರದು. ಹದೀಸ್‌ಗಳು ಬಹು ಬೇಗ ಬರಹಕ್ಕಿಳಿದಿದ್ದವು ಎಂಬುದಕ್ಕೆ ಇದೇ ಸಾಕ್ಷಿ ಎಂದರು ಹಮೀದುಲ್ಲಾ. ಸಿಕ್ಕಿರುವ ಹಸ್ತಪ್ರತಿಗಳು ಶತಮಾನಗಳ ನಂತರದವು ಎಂದರು ಸಂದೇಹಿಗಳು. ವಾದ ಅಲ್ಲೇ ನಿಂತಿತು.

ಗಂಟು ಕೊಂಚ ಸಡಿಲಗೊಂಡದ್ದು ಯಮನಿನ ಅಬ್ದುರ್ರಝಾಕ್‌ರ 'ಮುಸನ್ನಫ್'ನಿಂದ. ಉತ್ತರ ಪ್ರದೇಶದ ಮವೂ ಪಟ್ಟಣದ ಹಬೀಬುರ್ರಹ್ಮಾನ್ ಆಝ್ಮಿ ಸಂಪಾದಿಸಿದ ಈ ಗ್ರಂಥ 1970-72ರಲ್ಲಿ ಹನ್ನೊಂದು ಸಂಪುಟಗಳಲ್ಲಿ ಹೊರಬಂತು. ಜರ್ಮನಿಯ ಹರಾಲ್ಡ್ ಮೊಟ್ಸ್ಕಿ ಅದರ ಮದುವೆ, ತಲಾಖ್ ಮುಂತಾದ ಅಧ್ಯಾಯಗಳನ್ನು ಶೋಧಿಸಿ 1991ರಲ್ಲಿ ತಮ್ಮ ಕೃತಿ ಪ್ರಕಟಿಸಿದರು. ಅವರ ಕಣ್ಣಿಗೆ ಬಿದ್ದದ್ದು ಮಕ್ಕಾದ ಗುರು ಅತಾ ಮತ್ತು ಶಿಷ್ಯ ಇಬ್ನ್ ಜುರೈಜ್. ಶಿಷ್ಯ ಪ್ರಶ್ನೆ ಕೇಳುತ್ತಾನೆ. ಗುರು ಹೆಚ್ಚಾಗಿ ತನ್ನ ಸ್ವಂತ ಅಭಿಪ್ರಾಯವನ್ನೇ ಹೇಳುತ್ತಾರೆ; ಒಮ್ಮೊಮ್ಮೆ ಗೊತ್ತಿಲ್ಲ ಎನ್ನುತ್ತಾರೆ, ಒಮ್ಮೊಮ್ಮೆ ಅಭಿಪ್ರಾಯ ಬದಲಿಸುತ್ತಾರೆ. ಶಿಷ್ಯ ಅದೆಲ್ಲವನ್ನೂ ಬರೆದಿಟ್ಟಿದ್ದಾನೆ, ತಾನು ಒಪ್ಪದ ಕಡೆ ಅದನ್ನೂ ಹೇಳಿದ್ದಾನೆ. ಸುಳ್ಳು ಸೃಷ್ಟಿಸುವವನು ಗುರುವಿನ ಬಾಯಲ್ಲಿ 'ಗೊತ್ತಿಲ್ಲ' ಎನಿಸುತ್ತಾನೆಯೇ? ಪ್ರವಾದಿಯ ಹೆಸರು ಕೈಗೆಟಕುವಂತಿರುವಾಗ ಬರಿಯ ಗುರುವಿನ ಹೆಸರಿಗೆ ನಿಲ್ಲುತ್ತಾನೆಯೇ?

ಎಲ್ಲರೂ ಇದನ್ನು ಒಪ್ಪಿಲ್ಲ. ನಮಗೂ ಇದರಲ್ಲಿ ಪೂರ್ಣ ನೆಮ್ಮದಿಯಿಲ್ಲ. ಅತಾ ಪ್ರವಾದಿಯ ಹದೀಸನ್ನು ಉದ್ಧರಿಸುವುದು ಅಪರೂಪ. ಆ ಮಟ್ಟಿಗೆ ಶಾಖ್ತ್ ಹೇಳಿದ್ದು ಸುಳ್ಳಲ್ಲ. ಆದರೆ ಅಪರೂಪಕ್ಕಾದರೂ ಉದ್ಧರಿಸುತ್ತಾರೆ, ಅದೂ ಶಾಖ್ತ್ ಸಾಧ್ಯವಿಲ್ಲವೆಂದ ಕಾಲದಲ್ಲಿ. ಅವರು ತೀರಿಕೊಂಡದ್ದು ಹಿಜರಿ 115ರ ಸುಮಾರಿಗೆ, ಪ್ರವಾದಿವರ್ಯರು ಅಗಲಿ ಬರಿಯ ನೂರು ವರ್ಷಕ್ಕೆ. ನಾವು ದಾಟಿಕೊಂಡು ಓದಿದ ಹೆಸರುಗಳಲ್ಲಿ ಅತಾ ಅವರದೂ ಇತ್ತು.