ರಾಜ್ಮಾ ಅನ್ನ ಬೇಯಿಸಿದ ಕೈಗಳು

ಅಮೆರಿಕದ ನ್ಯೂ ಆರ್ಲಿಯನ್ಸ್ ಊರಲ್ಲಿ ಸೋಮವಾರ ಅಂದ್ರೆ ರಾಜ್ಮಾ ಅನ್ನ. ಹಿಂದೆ ಅಲ್ಲಿ ಸೋಮವಾರ ಬಟ್ಟೆ ಒಗೆಯೋ ದಿನ. ಹೆಂಗಸರಿಗೆ ಒಲೆ ಮುಂದೆ ನಿಲ್ಲೋಕೆ ಪುರುಸೊತ್ತಿರಲಿಲ್ಲ. ರಾತ್ರಿ ನೆನೆಸಿದ ಕೆಂಪು ರಾಜ್ಮಾ ಕಾಳನ್ನು, ಭಾನುವಾರದ ಊಟದಲ್ಲಿ ಉಳಿದ ಹಂದಿ ಮೂಳೆ ಜೊತೆ ಸಣ್ಣ ಉರಿಯಲ್ಲಿ ಇಟ್ಟುಬಿಡೋರು. ಬಟ್ಟೆ ಒಣಗೋ ಹೊತ್ತಿಗೆ ಊಟ ತಯಾರು.

ಇದನ್ನು ಕ್ರಿಯೋಲ್ ಅಡುಗೆ ಅಂತಾರೆ. ಬಹಳ ಕಾಲ ಈ ಅಡುಗೆಯ ಹಿರಿಮೆಯೆಲ್ಲ ಫ್ರೆಂಚರಿಗೆ, ಸ್ಪೇನಿನವರಿಗೆ ಹೋಯ್ತು. ಆದರೆ ಬೇಯಿಸಿದವರು ಯಾರು?

ಆಫ್ರಿಕಾದಿಂದ ಗುಲಾಮರನ್ನು ತುಂಬಿಕೊಂಡ ಮೊದಲ ಹಡಗುಗಳು 1719ರಲ್ಲಿ ಲೂಸಿಯಾನಕ್ಕೆ ಬಂದವು. ಆಗ ಅದು ಫ್ರೆಂಚರ ವಸಾಹತು. ಬಿತ್ತನೆ ಭತ್ತದ ಜೊತೆ, ಭತ್ತ ಬೆಳೆಯೋದು ಗೊತ್ತಿರುವ ಆಫ್ರಿಕನ್ನರನ್ನೂ ತರಬೇಕು ಅಂತ ಕಪ್ತಾನರಿಗೆ ಆದೇಶವಿತ್ತು. ಪಶ್ಚಿಮ ಆಫ್ರಿಕಾದ ಜನ ತಮ್ಮದೇ ಭತ್ತದ ತಳಿ ಬೆಳೆಸಿಕೊಂಡು ಬಂದವರು. ಅವರ ಮೈಬಲದ ಜೊತೆ ವಿದ್ಯೆಯನ್ನೂ ಕದ್ದರು. ಕಾಳು ಅಮೆರಿಕದ ಮೂಲನಿವಾಸಿಗಳದ್ದು. ಮುಂದೆ 1791ರಲ್ಲಿ ಹೈಟಿಯ ಗುಲಾಮರು ಬಂಡಾಯ ಎದ್ದರು. ಆಗ ಅಲ್ಲಿಂದ ಕ್ಯೂಬಾಕ್ಕೆ ಹೋಗಿದ್ದ 9,000ಕ್ಕೂ ಹೆಚ್ಚು ಜನ 1809-10ರಲ್ಲಿ ನ್ಯೂ ಆರ್ಲಿಯನ್ಸ್ ಸೇರಿದರು. ಅವರಲ್ಲಿ ಹೆಚ್ಚಿನವರು ಆಫ್ರಿಕನ್ ಮೂಲದವರೇ. ಕಾಳು ಅನ್ನ ಅವರ ನಾಡಿನ ದಿನದ ಊಟ.

ಈ ಊರಿನ ಬಡ ಕೇರಿಯಲ್ಲಿ ಬೆಳೆದ ಜಾಝ್ ಸಂಗೀತಗಾರ ಲೂಯಿ ಆರ್ಮ್‌ಸ್ಟ್ರಾಂಗ್, ಪತ್ರದ ಕೊನೆಗೆ ‘ಇತಿ ನಿಮ್ಮ’ ಅನ್ನೋ ಜಾಗದಲ್ಲಿ ರಾಜ್ಮಾ ಅನ್ನದ ಹೆಸರು ಬರೆದು ಸಹಿ ಹಾಕ್ತಿದ್ದರು!

ಅಡುಗೆ ಕಪ್ಪು ಜನರದ್ದು, ಕುರ್ಚಿ ಮಾತ್ರ ಬಿಳಿಯರದ್ದು. 1960ರ ಸೆಪ್ಟೆಂಬರ್‌ನಲ್ಲಿ ರೂಡಿ ಲೊಂಬಾರ್ಡ್ ಎಂಬ ವಿದ್ಯಾರ್ಥಿ ಮೂವರು ಸಂಗಾತಿಗಳ ಜೊತೆ, ಬಿಳಿಯರಿಗಷ್ಟೇ ಊಟ ಕೊಡುವ ಕೌಂಟರ್‌ನಲ್ಲಿ ಹೋಗಿ ಕೂತರು. ನಾಲ್ವರನ್ನೂ ಬಂಧಿಸಿದರು. ಆ ಶಿಕ್ಷೆಯನ್ನು 1963ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ ರದ್ದು ಮಾಡಿತು. ಅದೇ ಲೊಂಬಾರ್ಡ್ 1978ರಲ್ಲಿ ಬಾಣಸಿಗ ನಥಾನಿಯಲ್ ಬರ್ಟನ್ ಜೊತೆ ‘ಕ್ರಿಯೋಲ್ ಫೀಸ್ಟ್’ ಪುಸ್ತಕ ತಂದರು. ಆ ಊರಿನ ಅಡುಗೆಮನೆಗಳಲ್ಲಿ ಬೆವರು ಸುರಿಸಿದ 15 ಕಪ್ಪು ಬಾಣಸಿಗರ ಹೆಸರು, ಅವರ ಪಾಕವಿಧಾನದ ಜೊತೆಗೇ ಅಚ್ಚಾಯ್ತು. ಕೂರೋಕೆ ಜಾಗ ಕೇಳಿದವರೇ ಬೇಯಿಸಿದವರ ಹೆಸರನ್ನೂ ಕೇಳಿದರು.

ಹೋಟೆಲಲ್ಲಿ ಬೇರೆ ಲೋಟ ಕಂಡ ನಮಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಅಲ್ಲಿ ಅವರು ಬೇಯಿಸಿದ್ದು ಬೇಕಿತ್ತು, ಪಕ್ಕದಲ್ಲಿ ಕೂರೋದು ಬೇಡವಾಗಿತ್ತು. ಇಲ್ಲಿ ನಾವು ಬೆಳೆದದ್ದು ಬೇಕು, ಬೇಯಿಸಿದ್ದು ಬೇಡ. ಬಿಸಿಯೂಟ ಮಾಡಿದವಳ ಜಾತಿ ಕೇಳಿ ತಟ್ಟೆ ತಳ್ಳಿಸೋರು ಇವತ್ತಿಗೂ ಇದ್ದಾರೆ.

ಮನೇಲಿ ಮಾಡಿ ನೋಡಿ. ರಾತ್ರಿ ನೆನೆಸಿದ ರಾಜ್ಮಾದ ನೀರು ಚೆಲ್ಲಿ, ಹೊಸ ನೀರಲ್ಲಿ ಹತ್ತು ನಿಮಿಷ ಜೋರಾಗಿ ಕುದಿಸಿ. ಅರೆಬೆಂದ ರಾಜ್ಮಾ ಹೊಟ್ಟೆ ಕೆಡಿಸುತ್ತೆ. ಈರುಳ್ಳಿ, ದೊಣ್ಣೆಮೆಣಸಿನಕಾಯಿ, ಸೆಲರಿ ಸೊಪ್ಪಿನ ದಂಟು, ಬೆಳ್ಳುಳ್ಳಿ ಬಾಡಿಸಿ ಹಾಕಿ. ಹಂದಿ ಮೂಳೆ ಸಿಗದಿದ್ರೆ ನಮ್ಮ ಉಪ್ಪುಕಂಡ ನಡೆಯುತ್ತೆ. ಪಲಾವ್ ಎಲೆ, ಖಾರ ಹಾಕಿ ಸಣ್ಣ ಉರಿಯಲ್ಲಿ ಎರಡು ಮೂರು ಗಂಟೆ ಬಿಡಿ. ಕೊನೆಗೆ ಒಂದಷ್ಟು ಕಾಳನ್ನು ಸೌಟಲ್ಲಿ ಮಸೆದರೆ ಗಟ್ಟಿಯಾಗುತ್ತೆ. ಬಿಸಿ ಅನ್ನದ ಮೇಲೆ ಸುರಿದು ಎಲ್ಲರೂ ಒಟ್ಟಿಗೆ ಕೂತು ಉಣ್ಣಿ.

ಹಾಗೇ ನಿಮ್ಮ ಅವ್ವ, ಅಜ್ಜಿ ಮಾಡ್ತಿದ್ದ ಒಂದೊಂದು ಅಡುಗೆಯನ್ನು ಅವರ ಹೆಸರು ಹಾಕಿ ಬರೆದಿಡಿ. ಕೆಳಗೆ ಕಾಮೆಂಟಲ್ಲೇ ಶುರು ಮಾಡಿ.

ಜೈ ಭೀಮ್.